ಸರ್ಕಾರಿ ಪ್ರೌಢಶಾಲೆಗೆ ಹಾರ್ಮೋನಿಯಂ, ತಬಲಾ: ಹಣ ಎಲ್ಲಿಂದ?

ಪ್ರಶ್ನೆ (ಸಂಗೀತ ಶಿಕ್ಷಕಿ, ಹಾವೇರಿ ಜಿಲ್ಲೆ): ನಮ್ಮ ಸರ್ಕಾರಿ ಪ್ರೌಢಶಾಲೆಯಲ್ಲಿ 180 ಮಕ್ಕಳಿದ್ದಾರೆ. ಹಾರ್ಮೋನಿಯಂ ತಿದಿ ಹರಿದಿದೆ, ತಬಲಾ ಇಲ್ಲವೇ ಇಲ್ಲ. ಸಂಗೀತಕ್ಕೆ ಅಂತ ಪ್ರತ್ಯೇಕ ಅನುದಾನ ಇಲ್ಲ ಅನ್ನುತ್ತಾರೆ. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣಕ್ಕೆ ನಾನೇ ಅರ್ಜಿ ಹಾಕಬಹುದಾ ಸರ್?

ಉತ್ತರ (ಶಾಲಾ ಲೆಕ್ಕಪತ್ರ ಸಲಹೆಗಾರ): ನಿಮ್ಮ ಹೆಸರಲ್ಲಿ ಬೇಡ ಮೇಡಂ. ಅರ್ಜಿ ಮುಖ್ಯ ಶಿಕ್ಷಕರ ಸಹಿಯಲ್ಲಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಠರಾವಿನ ಜೊತೆ ಹೋಗಬೇಕು. ಶಿಕ್ಷಕರ ಸ್ವಂತ ಖಾತೆಗೆ ಒಂದು ರೂಪಾಯಿ ಬಂದರೂ ಆಡಿಟ್‌ನಲ್ಲಿ ಉತ್ತರ ಕೊಡುವುದು ಕಷ್ಟ.

ರಿಪೇರಿಗೆ ಹೊರಗೆ ಕೈಚಾಚಬೇಕಿಲ್ಲ. ಸಮಗ್ರ ಶಿಕ್ಷಾ ಎಂಬ ಶಾಲಾ ಶಿಕ್ಷಣ ಯೋಜನೆಯ ಸಂಯುಕ್ತ ಶಾಲಾ ಅನುದಾನಕ್ಕೆ ಕೇಂದ್ರದ ಮಾನದಂಡದಲ್ಲಿ 100ರಿಂದ 250 ಮಕ್ಕಳ ಶಾಲೆಗೆ ವರ್ಷಕ್ಕೆ 50,000 ರೂ. ಇದೆ. ಅದರಲ್ಲಿ ಕನಿಷ್ಠ ಶೇ. 10 ಸ್ವಚ್ಛತೆಗೆ. ಕೆಟ್ಟ ಉಪಕರಣ ಬದಲಾಯಿಸುವುದು, ಬೋಧನಾ ಸಾಮಗ್ರಿ ಕೊಳ್ಳುವುದು ಅದರ ಉದ್ದೇಶದಲ್ಲೇ ಬರುತ್ತದೆ. ಸಮಸ್ಯೆ ಅಂದರೆ ಕರೆಂಟ್ ಬಿಲ್, ಸುಣ್ಣಬಣ್ಣ ಮುಂದೆ ಬಂದು ಸಂಗೀತ ಹಿಂದೆ ಬೀಳುತ್ತದೆ. ಹಣ ಜಮಾ ಆಗುವ ಮೊದಲೇ ಸಭೆಯ ನಡಾವಳಿಯಲ್ಲಿ "ಹಾರ್ಮೋನಿಯಂ ತಿದಿ, ರೀಡ್ ದುರಸ್ತಿ" ಅಂತ ಸ್ಪಷ್ಟವಾಗಿ ಬರೆಸಿ.

ಹೊಸ ವಾದ್ಯಕ್ಕೆ ವಿದ್ಯಾಂಜಲಿ ಪೋರ್ಟಲ್ (ಶಾಲೆಗಳನ್ನೂ ದಾನಿಗಳನ್ನೂ ಜೋಡಿಸುವ ಕೇಂದ್ರ ಸರ್ಕಾರದ ಜಾಲತಾಣ) ನೋಡಿ. ಮುಖ್ಯ ಶಿಕ್ಷಕರು 11 ಅಂಕಿಯ ಯುಡೈಸ್ ಸಂಖ್ಯೆಯಿಂದ (ಶಾಲೆಯ ಗುರುತಿನ ಸಂಖ್ಯೆ) ಶಾಲೆಯನ್ನು ನೋಂದಾಯಿಸಿ ಬೇಡಿಕೆ ಹಾಕುತ್ತಾರೆ. ಅಲ್ಲಿ ವಸ್ತು ಮತ್ತು ಸೇವೆ ಮಾತ್ರ, ನಗದು ಇಲ್ಲ. "ಸಂಗೀತ ವಾದ್ಯಗಳು ಬೇಕು" ಅಂತಷ್ಟೇ ಹಾಕಿದರೆ ಯಾರೋ ಆಟಿಕೆಯಂಥ ಕೀಬೋರ್ಡ್ ಕಳಿಸುತ್ತಾರೆ, ಅದು ಕಪಾಟು ಸೇರುತ್ತದೆ. ಹೀಗೆ ಬರೆಯಿರಿ: 42 ಮನೆಯ (ಕೀಲಿಯ) ಹಾರ್ಮೋನಿಯಂ 1, ಕರಿ 1ರ (ಸಪ್ತಕದ ಮೊದಲ ಕಪ್ಪು ಮನೆಯ ಶ್ರುತಿಯ) ತಬಲಾ-ಡಗ್ಗಾ 1 ಜೊತೆ, ಸಿಂಬಿ, ಸುತ್ತಿಗೆ, ಚೀಲ ಸಹಿತ, ತಾಳ 5 ಜೊತೆ. ಕರಿ 1 ಯಾಕೆಂದರೆ, ದನಿ ಒಡೆದ ಹುಡುಗರು ಕರಿ 1ರಲ್ಲಿ ಹಾಡಿದರೆ ತಬಲಾ ಷಡ್ಜಕ್ಕೆ (ಸ) ಕೂರುತ್ತದೆ, ಹುಡುಗಿಯರು ಕರಿ 4ರಲ್ಲಿ ಹಾಡಿದರೆ ಅದೇ ತಬಲಾ ಮಧ್ಯಮಕ್ಕೆ (ಮ) ಹೊಂದುತ್ತದೆ. ಎರಡನೇ ತಬಲಾದ ಖರ್ಚು ಉಳಿಯಿತು.

ಸಿಎಸ್‌ಆರ್: ಕಂಪನಿ ಕಾಯ್ದೆ 2013ರ ಏಳನೇ ಅನುಸೂಚಿಯಲ್ಲಿ (ಈ ಹಣ ಬಳಸಬಹುದಾದ ಕೆಲಸಗಳ ಪಟ್ಟಿ) ಶಿಕ್ಷಣವೂ ಇದೆ, ಸಾಂಪ್ರದಾಯಿಕ ಕಲೆಗಳ ಪ್ರೋತ್ಸಾಹವೂ ಇದೆ. ಅರ್ಜಿಯಲ್ಲಿ ಎರಡನ್ನೂ ಹೆಸರಿಸಿ. ಕಂಪನಿಗಳು ವಾರ್ಷಿಕ ಕ್ರಿಯಾ ಯೋಜನೆ ಮಾಡಿಕೊಳ್ಳುವುದರಿಂದ ಏಪ್ರಿಲ್‌ಗೆ ಮೊದಲೇ ಅರ್ಜಿ ಕೈಸೇರಲಿ. ಒಂದೇ ಶಾಲೆಯ ಸಣ್ಣ ಬೇಡಿಕೆಯನ್ನು ದೊಡ್ಡ ಕಂಪನಿ ಪರಿಗಣಿಸುವುದು ಕಷ್ಟ. ತಾಲ್ಲೂಕಿನ ಐದಾರು ಶಾಲೆ ಸೇರಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೂಲಕ ಕೊಡಿ, ಇಲ್ಲವೇ ಊರಿನ ಸಹಕಾರಿ ಬ್ಯಾಂಕ್, ಹಳೆ ವಿದ್ಯಾರ್ಥಿಗಳನ್ನು ಕೇಳಿ.

ಪ್ರಶ್ನೆ (ಅದೇ ಶಿಕ್ಷಕಿ): ಅರ್ಜಿ ಎಷ್ಟು ಪುಟ ಇರಬೇಕು? ದಾನಿಯೊಬ್ಬರು 80ಜಿ ರಸೀದಿ (ದಾನಕ್ಕೆ ಆದಾಯ ತೆರಿಗೆ ವಿನಾಯಿತಿ ಪಡೆಯಲು) ಬೇಕು ಅಂತಿದ್ದಾರೆ.

ಉತ್ತರ: ವಸ್ತುರೂಪದ ದಾನಕ್ಕೆ 80ಜಿ ವಿನಾಯಿತಿ ಇಲ್ಲ, ಮೊದಲೇ ಹೇಳಿಬಿಡಿ. ಆಮೇಲೆ ಗೊತ್ತಾದರೆ ಅವರಿಗೆ ಬೇಸರವಾಗುತ್ತದೆ.

ಅರ್ಜಿ ಒಂದೇ ಪುಟ ಸಾಕು. ಎಷ್ಟು ಮಕ್ಕಳು, ವಾರಕ್ಕೆ ಎಷ್ಟು ಪೀರಿಯಡ್, ಈಗ ಏನಿದೆ, ಏನು ಬೇಕು, ವಾದ್ಯ ಯಾರ ಸುಪರ್ದಿಯಲ್ಲಿರುತ್ತದೆ. ಜೊತೆಗೆ ಮೂರು ಅಂಗಡಿಯ ಕೊಟೇಶನ್, ಠರಾವಿನ ನಕಲು. ಮೂರೂ ಕೊಟೇಶನ್‌ನಲ್ಲಿ ವಿವರಣೆ ಒಂದೇ ಇರಲಿ. ಒಂದರಲ್ಲಿ 37 ಮನೆ, ಇನ್ನೊಂದರಲ್ಲಿ 42 ಮನೆ ಇದ್ದರೆ ಹೋಲಿಕೆ ನಿಲ್ಲುವುದಿಲ್ಲ, ಕಡತ ವಾಪಸ್ ಬರುತ್ತದೆ. ಸಾಗಣೆ ಖರ್ಚು, ಬೀಗವಿರುವ ಕಪಾಟು ಸೇರಿಸುವುದನ್ನು ತುಂಬಾ ಜನ ಮರೆಯುತ್ತಾರೆ. ಇಲಿ ಮೊದಲು ಕಡಿಯುವುದೇ ತಿದಿಯನ್ನು, ಹಾಗಾಗಿ ಕಪಾಟನ್ನು ಬಿಡಲೇಬೇಡಿ.

ಇನ್ನೊಬ್ಬ ಸದಸ್ಯ (ನಿವೃತ್ತ ಮುಖ್ಯ ಶಿಕ್ಷಕ): ವಾದ್ಯ ಬಂದ ದಿನವೇ ದಾಸ್ತಾನು ವಹಿಗೆ ಏರಿಸಿ, ತಂಗಿ. ವಾದ್ಯದ ಮೇಲೆ ಆ ವಹಿಯ ಪುಟಸಂಖ್ಯೆ, ದಾನಿಯ ಹೆಸರು ಬರೆಸಿ. ಮೂರು ತಿಂಗಳಿಗೆ ಮಕ್ಕಳು ಹಾಡುತ್ತಿರುವ ಒಂದು ಧ್ವನಿಮುದ್ರಿಕೆ ದಾನಿಗೆ ಕಳಿಸಿ. ಮುಂದಿನ ವರ್ಷ ತಬಲಾಕ್ಕೆ ಹೊಸ ಚರ್ಮ ಹಾಕಿಸಬೇಕಾದಾಗ ಅವರನ್ನೇ ಕೇಳಬಹುದು.