ಮೈಕ್ರೋಡೋಸಿಂಗ್‌ನಿಂದ ಮಿದುಳಿಗೆ ಏನಾಗುತ್ತದೆ? ತಮ್ಮನ ಚಿಂತೆ

ಪ್ರಶ್ನೆ (ಕಲಬುರಗಿ):
ನನ್ನ ತಮ್ಮ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಶರಣಬಸವೇಶ್ವರ ಜಾತ್ರೆಗೆ ಬಂದಾಗ ಒಂದು ಮಾತು ಹೇಳಿದ. ಅವನ ಗೆಳೆಯರು ಎಲ್‌ಎಸ್‌ಡಿ ಅನ್ನೋ ಭ್ರಮೆ ಹುಟ್ಟಿಸುವ ಮಾದಕ ವಸ್ತುವನ್ನು ಚೂರೇ ಚೂರು ತೆಗೆದುಕೊಳ್ಳುತ್ತಾರಂತೆ, ಅದಕ್ಕೆ ಮೈಕ್ರೋಡೋಸಿಂಗ್ ಅಂತಾರಂತೆ, ತಲೆ ಚುರುಕಾಗುತ್ತದಂತೆ. ಇವನು ಬೈಪೋಲಾರ್‌ಗೆ (ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ತೂಗಾಡುವ ಕಾಯಿಲೆ) ಲಿಥಿಯಂ ಮಾತ್ರೆ ನುಂಗುವವನು. ಇವನೂ ಶುರು ಮಾಡಿದರೆ? ನನಗೆ ನಿದ್ದೆಯೇ ಬರುತ್ತಿಲ್ಲ. ತಿಳಿದವರು ಹೇಳಿ.

ಉತ್ತರ (ಬೀದರ್, ಫಾರ್ಮಸಿ ಮೇಷ್ಟ್ರು):
ಅಕ್ಕಾ, ಲಿಥಿಯಂ ಜೊತೆ ಬೇಡವೇ ಬೇಡ. ಎರಡೂ ಸೇರಿ ಫಿಟ್ಸ್ ಬಂದ ವರದಿಗಳಿವೆ. ಇದಕ್ಕಾಗಿ ಲಿಥಿಯಂ ನಿಲ್ಲಿಸುವುದು ಇನ್ನೂ ಅಪಾಯ.

ಇನ್ನು ಮಿದುಳಿನ ವಿಷಯ. ಸೆರೊಟೋನಿನ್ ಅಂದರೆ ಮಿದುಳಿನ ಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕ. ಅದು ಕೂರುವ ಜಾಗಗಳಲ್ಲಿ ಒಂದು ಬಗೆಯಾದ 2ಎ ಗ್ರಾಹಕಗಳಿಗೆ ಎಲ್‌ಎಸ್‌ಡಿ ಹೋಗಿ ಅಂಟಿಕೊಳ್ಳುತ್ತದೆ. ಪೂರ್ತಿ ಡೋಸ್ ಸುಮಾರು 100 ಮೈಕ್ರೋಗ್ರಾಂ, ಮೈಕ್ರೋಡೋಸ್ 10ರ ಆಸುಪಾಸು. ಅಷ್ಟಕ್ಕೇ ಮಿದುಳಿನ ವಿದ್ಯುತ್ ಅಲೆಗಳು ಸ್ವಲ್ಪ ಬದಲಾಗುವುದು ಅವನ್ನು ಅಳೆಯುವ ಇಇಜಿ ಪರೀಕ್ಷೆಯಲ್ಲಿ ಕಂಡಿದೆ. ಆದರೆ ಅಲೆ ಬದಲಾಯಿತು ಅಂದರೆ ಬುದ್ಧಿ ಹೆಚ್ಚಿತು ಅಂತಲ್ಲ. 2021ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 191 ಜನರನ್ನು ಗಮನಿಸಿದರು. ತಾವು ನುಂಗಿದ್ದು ಮದ್ದೋ ಖಾಲಿ ಕ್ಯಾಪ್ಸೂಲೋ ಅಂತ ಅವರಿಗೇ ಗೊತ್ತಿರಲಿಲ್ಲ. ಖಾಲಿ ನುಂಗಿದವರಿಗೂ ಹೆಚ್ಚುಕಡಿಮೆ ಅಷ್ಟೇ ಹಾಯೆನಿಸಿತ್ತು. ನಂಬಿಕೆಯ ಕೆಲಸವೇ ಜಾಸ್ತಿ ಅಲ್ವಾ?

ಉತ್ತರ (ಯಾದಗಿರಿ):
ಕಾನೂನೂ ನೆನಪಿರಲಿ. ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಚೂರು ಇಟ್ಟುಕೊಂಡರೂ ಅಪರಾಧ.

ಪ್ರಶ್ನೆ ಕೇಳಿದವರು:
ಬೈದರೆ ಫೋನ್ ಇಟ್ಟುಬಿಡುತ್ತಾನೆ. ಹೇಗೆ ಹೇಳಲಿ?

ಉತ್ತರ (ಬೀದರ್, ಫಾರ್ಮಸಿ ಮೇಷ್ಟ್ರು):
ಬೈಯಬೇಡಿ. ಕೆಲಸದಲ್ಲಿ ಏನು ಕಷ್ಟ ಅಂತ ಮೊದಲು ಕೇಳಿ. ಆಮೇಲೆ ಲಿಥಿಯಂ ಮಾತು ಎತ್ತಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಅವನ ಡಾಕ್ಟರಿಗೂ ಈ ವಾರವೇ ತಿಳಿಸಿ.