ಐ ಟ್ರ್ಯಾಕರ್: ಎಲ್ಲಾ ಮಕ್ಕಳ ನೋಟ ಗದ್ದದ ಮ್ಯಾಲೇ ಬೀಳ್ಲತ್ತದ, ಮಧ್ಯಾಹ್ನದ ಡೇಟಾ ಅರ್ಧ ಖಾಲಿ

ಬಿಸಿಲೂರು_ಲ್ಯಾಬ್ (ಕಲಬುರಗಿ)
ತಲಿ ಕೆಟ್ಟು ಹೋಗ್ಯದ್ರಿ. ಪರದೆ ಮ್ಯಾಲ ಮಾತಾಡೋ ಮುಖ ತೋರಿಸಿ, ಆಟಿಸಂ ಇರೋ ಮಕ್ಕಳು ಅದರಾಗ ಎಲ್ಲಿ ನೋಡ್ತಾರ ಅಂತ ಐ ಟ್ರ್ಯಾಕರ್ (ನೋಟ ಎಲ್ಲಿ ಬೀಳ್ತದ ಅಂತ ಹಿಡಿಯೋ ಯಂತ್ರ) ಹಚ್ಚಿ ರೆಕಾರ್ಡ್ ಮಾಡ್ಲತ್ತೀವಿ. ಕ್ಯಾಲಿಬ್ರೇಶನ್ (ಮೊದಲಿಗೆ ಯಂತ್ರಕ್ಕ ಕೂಸಿನ ಕಣ್ಣು ಹೊಂದಸೋದು) ಸರಿ ಆಯ್ತಂತ ಹಸಿರು ತೋರಿಸ್ತದ. ಆಮ್ಯಾಲ ಹೀಟ್‌ಮ್ಯಾಪ್ (ಹೆಚ್ಚು ನೋಡಿದ ಜಾಗ ಕೆಂಪಾಗಿ ಕಾಣೋ ಚಿತ್ರ) ತೆಗೆದ್ರ ಕೆಂಪೆಲ್ಲಾ ಗದ್ದದ ಬಲ್ಲಿ. ಮಧ್ಯಾಹ್ನದ ರೆಕಾರ್ಡಿಂಗ್‌ದಾಗ ಅರ್ಧಕ್ಕರ್ಧ ಸ್ಯಾಂಪಲ್ (ಒಂದೊಂದು ಸಲ ಅಳೆದ ನೋಟ) ಇಲ್ಲೇ ಇಲ್ಲ. ಡ್ರೈವರ್ ಮತ್ತ ಹಾಕೀವಿ, ಕೇಬಲ್ ಬದಲಿ ಮಾಡೀವಿ, ಯುಪಿಎಸ್ ಮ್ಯಾಲ ನಡಸೀವಿ. ಮಾರಿದವರಿಗೆ ಫೋನ್ ಹಚ್ಚಿದ್ರ ‘ಮಕ್ಕಳು ಅಲುಗಾಡ್ತಾರ’ ಅಂತ ಹೇಳಿ ಇಟ್ಟುಬಿಡ್ತಾರ. ತಾಯಂದಿರು ಚಿಂಚೋಳಿ, ಸೇಡಂ ಕಡಿಂದ ಕೂಸಿನ್ನ ಕರ್ಕೊಂಡು ಬಸ್ಸಿನಾಗ ಬರ್ತಾರ. ಅವರಿಗೆ ಮತ್ತೊಮ್ಮೆ ಬರ್ರಿ ಅನ್ನಲಿಕ್ಕೆ ಬಾಯಿ ಬರಲ್ಲ. ಗೊತ್ತಿದ್ದವರು ಹೇಳ್ರಿ.

ಕಣ್ಣೋಟ_ಮೈಸೂರು
ಇದನ್ನ ದೋಷ ಅಂತ ಯಾಕೆ ಅಂದ್ಕೋತೀರಿ? 2002ರಲ್ಲೇ ಆಟಿಸಂ ಸಂಶೋಧಕರಾದ ಆಮಿ ಕ್ಲಿನ್, ವಾರೆನ್ ಜೋನ್ಸ್ ತಂಡ ತೋರಿಸಿದೆ. ಸಿನಿಮಾ ದೃಶ್ಯ ನೋಡುವಾಗ ಆಟಿಸಂ ಇರುವವರ ನೋಟ ಕಣ್ಣಿಗಿಂತ ಬಾಯಿಯ ಕಡೆ ಹೆಚ್ಚು ಹೋಗಿತ್ತು. ನಿಮಗೆ ಸಿಕ್ಕಿರೋದು ಫಲಿತಾಂಶ.

ಬಿಸಿಲೂರು_ಲ್ಯಾಬ್
ಹೋಲಿಕಿಗಂತ ಕರೆಸಿದ ಅಂಗನವಾಡಿ ಮಕ್ಕಳದೂ ಗದ್ದದ ಮ್ಯಾಲೇ ಬೀಳ್ಲತ್ತದ್ರಿ. ಅವರಿಗೆ ಆಟಿಸಂ ಇಲ್ಲ.

ಕಣ್ಣೋಟ_ಮೈಸೂರು
ಮಾತಾಡೋ ಮುಖ ಕಂಡರೆ ಎಲ್ಲಾ ಮಕ್ಕಳೂ ಸ್ವಲ್ಪ ಬಾಯಿ ನೋಡ್ತಾರೆ. ವಯಸ್ಸು ಹೊಂದಿಸಿದ್ದೀರಾ? ಅದೇ ಇಬ್ಬರು 2013ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದಿದ್ದು ಓದಿ. ಮುಂದೆ ಆಟಿಸಂ ಅಂತ ಗೊತ್ತಾದ ಶಿಶುಗಳಲ್ಲಿ ಕಣ್ಣು ನೋಡೋದು 2ರಿಂದ 6 ತಿಂಗಳ ನಡುವೆಯೇ ಇಳಿಯುತ್ತಾ ಬಂದಿತ್ತು. ಯಂತ್ರ ಬಿಚ್ಚೋ ಮೊದಲು ವಿಶ್ಲೇಷಣೆ ಸರಿಯಾಗಿ ಮಾಡಿ.

ಬೀದರ್_ಕೋಟಿ
ಸರ್, ಬಾಯಿ ಬ್ಯಾರೆ, ಗದ್ದ ಬ್ಯಾರೆ. ಲ್ಯಾಬ್‌ನವರೇ, ಯಾವ ಯಂತ್ರ, ಎಷ್ಟು ದೂರ ಕೂಡಸ್ತೀರಿ, ಕಿಡಕಿ ಯಾವ ದಿಕ್ಕಿಗದ, ಒಂದೂ ಬರದಿಲ್ಲ. ಮಕ್ಕಳ ಕಣ್ಣಿಗೆ ಕಾಡಿಗೆ ಅದ ಏನು? ಕಪ್ಪು ಪಾಪೆ ಹುಡುಕೋ ಕ್ಯಾಮೆರಾಕ್ಕ ರೆಪ್ಪಿ ಅಂಚಿನ ಕಪ್ಪೂ ಪಾಪೆ ಅನಸ್ತದ. ನನ್ನ ಅನುಭವದಾಗ ಹತ್ತಕ್ಕ ಒಂಬತ್ತು ಸಲ ಕಾಡಿಗೇನೇ.

ಸಾವಿರ_ಹರ್ಟ್ಸ್
ನಮ್ಮಲ್ಲಿ ಐಲಿಂಕ್ 1000 ಪ್ಲಸ್ ಅನ್ನೋ ಐ ಟ್ರ್ಯಾಕರ್ ಇದೆ. ಹಣೆಗೆ ಒಂದು ಸ್ಟಿಕ್ಕರ್ ಅಂಟಿಸಿದರೆ ತಲೆ ಆಡಿಸಿದರೂ ಹಿಡಿಯುತ್ತೆ. ಎರಡು ಕಂಪ್ಯೂಟರ್, ಕಪ್ಪು ಬಣ್ಣ ಬಳಿದ ಕೋಣೆ, ಸದ್ದು ಬಾರದ ಬಾಗಿಲು. ನಿಮ್ಮದು ಪರದೆ ಕೆಳಗೆ ಹಚ್ಚೋ 60 ಹರ್ಟ್ಸ್ ಪಟ್ಟಿ (ಸೆಕೆಂಡಿಗೆ 60 ಸಲ ಮಾತ್ರ ಅಳೆಯೋದು) ಆಗಿದ್ದರೆ ಅದರಲ್ಲಿ ಸಂಶೋಧನೆ ಆಗೋದಿಲ್ಲ.

ಬೀದರ್_ಕೋಟಿ
ಯಾಕ ಆಗಲ್ಲ? ನೋಟ ಒಂದು ಕಡಿಂದ ಇನ್ನೊಂದು ಕಡಿ ಜಿಗಿಯೋ ವೇಗ ಅಳೀಬೇಕಂದ್ರ 60 ಸಾಲಂಗಿಲ್ಲ, ಒಪ್ಪತೀನಿ. ಮುಖದ ಯಾವ ಭಾಗದ ಮ್ಯಾಲ ಎಷ್ಟು ಹೊತ್ತು ನಿಂತದ ಅನ್ನಲಿಕ್ಕೆ 16.7 ಮಿಲಿಸೆಕೆಂಡಿಗೊಂದು ಸ್ಯಾಂಪಲ್ ಧಾರಾಳ ಆಯ್ತು.

ಸಾವಿರ_ಹರ್ಟ್ಸ್
ಒಳ್ಳೆ ಪತ್ರಿಕೆಗೆ ಕಳಿಸಿ ನೋಡಿ, ಆಮೇಲೆ ಮಾತಾಡೋಣ.

ಯಾದಗಿರಿ_ಅಕ್ಕ
ನಾ ವಿಶೇಷ ಶಿಕ್ಷಕಿ. ನಮ್ಮ ಹುಡುಗೂರಾಗ ಭಾಳ ಮಂದಿಗೆ ಹಣಿ ಮ್ಯಾಲ ಏನರೆ ಅಂಟಿಸಿದ್ರ ತಡಕೊಳ್ಳಲಿಕ್ಕೆ ಆಗಲ್ಲ. ಕಿತ್ತು ಒಗೀತಾರ, ಅಳ್ತಾರ, ಆ ದಿನಾನೇ ಹೋಯ್ತು. ಕಾಡಿಗೆ ಬಗ್ಗೆನೂ ಒಂದು ಮಾತು. ಬಂದ ಮ್ಯಾಲ ಒರಸ್ರಿ ಅಂದ್ರ ತಾಯಿಗೆ ನೋವಾಗ್ತದ, ದೃಷ್ಟಿ ತಾಗಬಾರದಂತ ಹಚ್ಚಿರ್ತಾಳ. ಹಿಂದಿನ ದಿನಾನೇ ಫೋನ್‌ದಾಗ ‘ಗಲ್ಲಕ್ಕ ಬೊಟ್ಟು ಇಡವ್ವ, ಕಣ್ಣಿಗೆ ಬ್ಯಾಡ’ ಅಂತ ಹೇಳ್ರಿ. ಕೇಳ್ತಾರ.

ಬಿಸಿಲೂರು_ಲ್ಯಾಬ್
ಕಾಡಿಗೆ ಕೆಲವರಿಗೆ ಅದ, ಎಲ್ಲರಿಗಿಲ್ಲ. 15 ಇಂಚಿನ ಲ್ಯಾಪ್‌ಟಾಪಿನ ಕೆಳಗ ಪಟ್ಟಿ ಹಚ್ಚೀವಿ, 60 ಹರ್ಟ್ಸ್. ದೂರ 65 ಸೆಂಟಿಮೀಟರ್. ಕೂಸು ತಾಯಿ ತೊಡಿ ಮ್ಯಾಲ ಕೂಡ್ತದ. ಪಶ್ಚಿಮಕ್ಕ ದೊಡ್ಡ ಕಿಡಕಿ, ತೆಳ್ಳನ ಪಡದಾ. ಹೊರಗ ಶಹಾಬಾದ ಫರ್ಸಿ ಅಂಗಳ. ಅಂಗನವಾಡಿ ಮಕ್ಕಳು ಮುಂಜಾನಿ ಬರ್ತಾರ, ನಮ್ಮ ಮಕ್ಕಳು ಥೆರಪಿ ಮುಗಿಸಿ ಮಧ್ಯಾಹ್ನ.

ಬೀದರ್_ಕೋಟಿ
ಇದನ್ನ ಮೊದಲೇ ಹೇಳಬೇಕಿತ್ರಿ! ಪಟ್ಟಿ ಕಣ್ಣಿನ ಮ್ಯಾಲ ಇನ್‌ಫ್ರಾರೆಡ್ (ನಮಗ ಕಾಣದ) ಬೆಳಕು ಬಿಡ್ತದ. ಪಾಪೆ ಎಲ್ಲದ, ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಮ್ಯಾಲಿನ ಹೊಳಪಿನ ಚುಕ್ಕಿ ಎಲ್ಲದ, ಎರಡೂ ನೋಡಿ ದಿಕ್ಕು ಲೆಕ್ಕ ಹಾಕ್ತದ. ಬಿಸಿಲಿನಾಗೂ ಇನ್‌ಫ್ರಾರೆಡ್ ತುಂಬ್ಯದ, ಫರ್ಸಿ ಮ್ಯಾಲಿಂದ ಹೊಡದು ಒಳಗ ಬರ್ತದ. ತೆಳ್ಳನ ಪಡದಾ ತಡಿಯಂಗಿಲ್ಲ. ಪ್ಲೈವುಡ್ ಹಚ್ಚಿ ಕಿಡಕಿ ಮುಚ್ರಿ, ಎಲ್‌ಇಡಿ ಟ್ಯೂಬ್ ಸಾಕು, ಹಳೇ ತಂತಿ ಬಲ್ಬ್ ಬ್ಯಾಡ, ಅದರಾಗೂ ಇನ್‌ಫ್ರಾರೆಡ್ ಅದ. ಹೆಚ್ಚಿನ ಮಾತಂದ್ರ, ಒಂದು ಗುಂಪು ಮುಂಜಾನಿ, ಒಂದು ಗುಂಪು ಮಧ್ಯಾಹ್ನ ಆದ್ರ, ಖಾಲಿ ಡೇಟಾ ನೋಡಿ ಆಟಿಸಂ ಮಕ್ಕಳು ಪರದೆ ಕಡಿ ನೋಡಲ್ಲ ಅಂತ ಸುಳ್ಳು ಫಲಿತಾಂಶ ಬರ್ತದ. ಎರಡೂ ಗುಂಪಿನ ಮಕ್ಕಳನ್ನ ಎರಡೂ ಹೊತ್ತಿಗೆ ಕಲಸಿ ಕರೀರಿ. ತಾಯಿಗೆ ಪರದೆ ಕಾಣದಂಥ ಕಪ್ಪು ಕನ್ನಡಕ ಕೊಡ್ರಿ, ಇಲ್ಲಾಂದ್ರ ಯಂತ್ರ ಆಕೀ ಕಣ್ಣು ಹಿಡೀತದ.

ಬಿಸಿಲೂರು_ಲ್ಯಾಬ್
ಪ್ಲೈವುಡ್ ಹಚ್ಚಿಸಿದ್ವಿ. ಮಧ್ಯಾಹ್ನದ ಡೇಟಾ ಈಗ ಮುಂಜಾನಿಯಂಗೇ ಬರ್ಲತ್ತದ. ಭಾಳ ಉಪಕಾರ ಆಯ್ತು. ಗದ್ದದ ತೊಂದರಿ ಮಾತ್ರ ಹಂಗೇ ಅದ. ಸಣ್ಣ ಚುಕ್ಕಿ ತೋರಿಸಿ ಅಳದ್ರ, ಪರದೆಯ ನಾಲ್ಕೂ ಮೂಲ್ಯಾಗ ನೋಟ ಸುಮಾರು 2 ಸೆಂಟಿಮೀಟರ್ ಕೆಳಗ ಬೀಳ್ತದ.

ಕಣ್ಣೋಟ_ಮೈಸೂರು
65 ಸೆಂ.ಮೀ. ದೂರದಲ್ಲಿ ನೋಟದ ಕೋನ 1 ಡಿಗ್ರಿ ತಪ್ಪಿದರೆ ಪರದೆ ಮೇಲೆ 1.1 ಸೆಂ.ಮೀ. ಹತ್ತತ್ತಿರ 2 ಡಿಗ್ರಿ ತಪ್ಪು ಬರ್ತಿದೆ. ಇಷ್ಟು ಚಿಕ್ಕ ಪರದೆಯಲ್ಲಿ ಕಣ್ಣು ಬಾಯಿ ಬೇರ್ಪಡಿಸೋಕೆ ಸಾಲದು. ಇದು ಸರಿಹೋಗೋವರೆಗೆ ಎಡ-ಬಲ ಆಯ್ಕೆಯ ಪರೀಕ್ಷೆ ಮಾಡಬಹುದು. ಒಂದು ಕಡೆ ಮಕ್ಕಳ ವಿಡಿಯೊ, ಇನ್ನೊಂದು ಕಡೆ ಚಲಿಸುವ ಜ್ಯಾಮಿತಿಯ ಆಕೃತಿ. ಆಟಿಸಂ ಸಂಶೋಧಕಿ ಕರೆನ್ ಪಿಯರ್ಸ್ 2011ರಲ್ಲಿ ಮಾಡಿದ್ದು ಇದೇ. ಶೇ. 69ಕ್ಕಿಂತ ಹೆಚ್ಚು ಹೊತ್ತು ಆಕೃತಿಗಳನ್ನೇ ನೋಡಿದ ಪುಟ್ಟ ಮಕ್ಕಳಲ್ಲಿ ಬಹುತೇಕ ಎಲ್ಲರಿಗೂ ಆಟಿಸಂ ಇತ್ತು. ಆದರೆ ಆಟಿಸಂ ಇದ್ದ ಹೆಚ್ಚಿನ ಮಕ್ಕಳು ಆ ಗೆರೆ ದಾಟಲೇ ಇಲ್ಲ. ಹಾಗಾಗಿ ಯಾವ ತಾಯಿಗೂ ಇದನ್ನ ತೋರಿಸಿ ‘ಇದೆ’, ‘ಇಲ್ಲ’ ಅಂತ ಹೇಳಬೇಡಿ.

ಯಾದಗಿರಿ_ಅಕ್ಕ
ನನಗೊಂದು ಕೇಳೋದದ. ಆ ಹಸಿರು ಬರೋ ಮುಂದ ಮಕ್ಕಳಿಗೆ ಏನ್ ತೋರಿಸ್ತೀರಿ?

ಬಿಸಿಲೂರು_ಲ್ಯಾಬ್
ಕುಣಿಯೋ ಗೊಂಬಿ ಅಕ್ಕಾ. ಚುಕ್ಕಿ ತೋರಿಸಿದ್ರ ನೋಡಲ್ಲ, ಅದಕ್ಕ ಅಂಗೈಯಗಲದ ಗೊಂಬಿ.

ಯಾದಗಿರಿ_ಅಕ್ಕ
ಗೊಂಬಿ ಕಂಡ್ರ ಕೂಸು ಮಾರಿ ನೋಡ್ತದಲ್ಲಪ್ಪಾ, ಹೊಟ್ಟಿ ಯಾಕ ನೋಡ್ತದ?

ಬೀದರ್_ಕೋಟಿ
ಅಕ್ಕಾ, ಸಿಕ್ತು! ಕೂಸು ಗೊಂಬಿ ಮಾರಿ ನೋಡ್ತದ, ಯಂತ್ರ ಗೊಂಬಿಯ ನಟ್ಟ ನಡುವ ನೋಡ್ಲತ್ತದ ಅಂತ ಬರಕೊಳ್ತದ. ಆಮ್ಯಾಲ ಎಲ್ಲಾ ನೋಟಾನೂ ಅಷ್ಟೇ ಕೆಳಗ ಇಳೀತದ. ಸದ್ದು ಮಾಡ್ತಾ ಸಣ್ಣಾಗಿ ಚುಕ್ಕಿಯಾಗೋ ಚಿತ್ರ ಹಾಕ್ರಿ. ಇನ್ನೊಂದು, ಯಾವ ಕೂಸು ಗೊಂಬಿ ಮಾರಿ ನೋಡಲ್ಲೋ ಅದರ ತಪ್ಪು ಬ್ಯಾರೆ ಇರ್ತದ. ಎಲ್ಲರಿಗೂ ಒಂದೇ ತಿದ್ದುಪಡಿ ಹಾಕಬ್ಯಾಡ್ರಿ. ವಿಡಿಯೊ ನಡುನಡುವ ಏನರೆ ಸಣ್ಣದು ತೋರಿಸೀರೇನು?

ಬಿಸಿಲೂರು_ಲ್ಯಾಬ್
ಪ್ರತಿ ವಿಡಿಯೊ ಶುರುವಾಗೋಕಿಂತ ಮೊದಲು ಗಂಟಿ ಸದ್ದಿನ ಜೊತಿ ಸಣ್ಣ ನಕ್ಷತ್ರ ಬರ್ತದ್ರಿ.

ಬೀದರ್_ಕೋಟಿ
ಹಂಗಾದ್ರ ಹಳೇ ರೆಕಾರ್ಡಿಂಗ್ ಅಳಸಬ್ಯಾಡ್ರಿ. ನಕ್ಷತ್ರ ಎಲ್ಲಿತ್ತು, ನೋಟ ಎಲ್ಲಿ ಬಿತ್ತು, ಕೂಸಿಗೊಂದರಂಗ ಅಂತರ ತೆಗೆದು ಸರಿಸ್ರಿ. ಮುಂಜಾನಿ ಬಂದವರದು ಮೊದಲು ಮಾಡ್ರಿ. ಮಧ್ಯಾಹ್ನದ್ದರಾಗ ನಕ್ಷತ್ರ ಬಂದಾಗಿನ ಸ್ಯಾಂಪಲ್ ಉಳಿದಿದ್ರ ಆ ತಾಯಂದಿರನ್ನ ಮತ್ತ ಕರೀಬೇಕಾಗಲ್ಲ.

ಕಣ್ಣೋಟ_ಮೈಸೂರು
ಈ ತಿದ್ದುಪಡಿ ಮಾಡಿದ್ದನ್ನ ವರದಿಯಲ್ಲಿ ಬರೀಲೇಬೇಕು. ಎಷ್ಟು ಮಕ್ಕಳ ಡೇಟಾ ಬಿಟ್ಟಿರಿ ಅನ್ನೋದನ್ನೂ.

ಬಿಸಿಲೂರು_ಲ್ಯಾಬ್
ಬರೀತೀವ್ರಿ. ಇವತ್ತು ಸಂಜಿಮುಂದ ಮುಂಜಾನಿ ಗುಂಪಿನದು ತೆಗೆದು ಕೂಡ್ತೀನಿ. ಚಿಂಚೋಳಿ ಕೂಸಿನ ಫೈಲ್‌ದಾಗ ನಕ್ಷತ್ರದ ಸ್ಯಾಂಪಲ್ ಅವ, ಈಗ ನೋಡ್ದೆ.