ಸಹಾಯ ಬೇಕು: ನೋವು ಮಂಡಿಯಲ್ಲಿ, ಎಕ್ಸ್‌ರೇ ಸೊಂಟಕ್ಕಾ?

ಎಲ್ಲರಿಗೂ ನಮಸ್ಕಾರ. ಮಗನಿಗೆ 13 ವರ್ಷ, ಸ್ಕೂಲ್ ಕಬಡ್ಡಿ ಟೀಮಿನಲ್ಲಿ ರೈಡರ್. ಸ್ವಲ್ಪ ದಪ್ಪ. ಮೂರು ವಾರದಿಂದ ಬಲಮಂಡಿ ನೋವು ಅಂತಾನೆ. ಬಿದ್ದಿಲ್ಲ, ಪೆಟ್ಟಾಗಿಲ್ಲ. ಎಣ್ಣೆ ತಿಕ್ಕಿದೆವು, ಹತ್ತು ದಿನ ಆಟ ಬಿಡಿಸಿದೆವು. ಮಂಡಿ ಎಕ್ಸ್‌ರೇಯಲ್ಲಿ ಏನೂ ಇಲ್ಲ. ಆದರೂ ಕುಂಟುತ್ತಾನೆ. ನಿನ್ನೆ ಅಂಗಳದಲ್ಲಿ ಗಮನಿಸಿದೆ, ನಡೆಯುವಾಗ ಬಲಪಾದ ಹೊರಗೆ ತಿರುಗಿರುತ್ತೆ.

ಕೋಚ್ ‘ಬೆಳೆಯೋ ಹುಡುಗರ ನೋವು, ಬಿಡಿ’ ಅಂದರು. ಇವತ್ತು ತೋರಿಸಿದ ಮೂಳೆ ಡಾಕ್ಟರ್ ಬೇರೆಯೇ ಹೇಳಿದರು: ಈ ವಯಸ್ಸಲ್ಲಿ ಸೊಂಟದ ಕೀಲಲ್ಲಿರೋ ತೊಡೆಮೂಳೆಯ ತಲೆ, ಮೂಳೆ ಬೆಳೆಯೋ ಜಾಗದಲ್ಲಿ ಜಾರಬಹುದು, ನೋವು ಮಂಡಿಯಲ್ಲಿ ಕಾಣಿಸುತ್ತೆ. ನಾಳೆ ಬೆಳಿಗ್ಗೆಯೇ ಸೊಂಟದ ಎರಡೂ ಕಡೆ ಎಕ್ಸ್‌ರೇ, ಅಲ್ಲಿವರೆಗೆ ಕಾಲೂರಬಾರದಂತೆ. ಜಾರಿದ್ದರೆ ಸ್ಕ್ರೂ ಹಾಕಬೇಕಂತೆ. ಸೋಮವಾರದ ಮ್ಯಾಚ್ ಹೋಯ್ತು ಅಂತ ಇವನು ಮುಖ ಊದಿಸಿ ಕೂತಿದ್ದಾನೆ.

ನಿಮ್ಮ ಮಕ್ಕಳಿಗೆ ಹೀಗಾಗಿತ್ತಾ? ಸ್ಕ್ರೂ ಹಾಕಿಸಿದ ಮೇಲೆ ಎಷ್ಟು ತಿಂಗಳಿಗೆ ಓಡಿದರು, ಮತ್ತೆ ಕಬಡ್ಡಿ ಆಡೋಕೆ ಬಿಟ್ಟರಾ?